ನಗೋಯಾದಲ್ಲಿ ಕಸ್ಟಮರ್ ಜೊತೆ ರಾತ್ರಿ ಊಟ: ವೆಜ್, ಕುಡಿಯಲ್ಲ, ಚಾಪ್‌ಸ್ಟಿಕ್ಸ್ ಬರಲ್ಲ. ಏನು ಕಲಿತು ಹೋಗಲಿ?

ಪೀಣ್ಯ_ಟೂಲ್‌ರೂಮ್

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಯೂನಿಟ್. ಪ್ರೆಸ್ ಟೂಲ್, ಜಿಗ್, ಫಿಕ್ಸ್ಚರ್ ಮಾಡುತ್ತೇವೆ. ಬಿಡದಿ ಕಡೆಯ ಒಂದು ಜಪಾನಿ ಕಂಪನಿಗೆ ಕೆಲವು ವರ್ಷಗಳಿಂದ ಮಾಲು ಹೋಗುತ್ತಿದೆ. ಈಗ ಅವರ ಹೆಡ್ ಆಫೀಸಿನವರು ನಗೋಯಾಕ್ಕೆ ಬನ್ನಿ ಅಂತ ಕರೆದಿದ್ದಾರೆ. ನಾನು ಮತ್ತು ನಮ್ಮ ಪಾರ್ಟ್ನರ್ ಇಬ್ಬರೂ ಹೋಗುತ್ತೇವೆ.

ಡ್ರಾಯಿಂಗ್, ಟಾಲರೆನ್ಸ್, ಇನ್‌ಸ್ಪೆಕ್ಷನ್ ರಿಪೋರ್ಟ್ ಬಗ್ಗೆ ಯಾರು ಏನು ಕೇಳಿದರೂ ನನಗೆ ಹೆದರಿಕೆ ಇಲ್ಲ. ಮೀಟಿಂಗ್ ಆದಮೇಲೆ "ಡಿನ್ನರ್" ಅಂತ ಹಾಕಿದ್ದಾರೆ ನೋಡಿ, ಅದೊಂದು ಹೆದರಿಕೆ. ನಾನು ವೆಜ್, ಮೊಟ್ಟೆ ಕೂಡ ತಿನ್ನಲ್ಲ. ಕುಡಿಯಲ್ಲ. ಚಾಪ್‌ಸ್ಟಿಕ್ಸ್ ಹಿಡಿದೇ ಇಲ್ಲ. ಅದಕ್ಕೂ ಮುಂಚೆ ಇಲ್ಲೇ ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಒಂದು ಊಟ ಇದೆ, ಅಲ್ಲಿ ಫೋರ್ಕು ನೈಫಿನ ಕಥೆ. ಯೂಟ್ಯೂಬಿನಲ್ಲಿ ಒಬ್ಬೊಬ್ಬರು ಒಂದೊಂದು ಪಟ್ಟಿ ಓದುತ್ತಾರೆ, ತಲೆ ಕೆಟ್ಟುಹೋಗುತ್ತದೆ. ಯಾವುದು ನಿಜವಾಗಿ ಮುಖ್ಯ, ಯಾವುದು ಬಿಟ್ಟರೂ ನಡೆಯುತ್ತದೆ? ಅಲ್ಲಿ ಇದ್ದವರು ಹೇಳಿ.

ಐಚಿ_ಕನ್ನಡಿಗ

ಸರ್, ಚಾಪ್‌ಸ್ಟಿಕ್ಸ್ ಸರಿಯಾಗಿ ಹಿಡಿಯಲಿಲ್ಲ ಅಂತ ಯಾರೂ ಆರ್ಡರ್ ವಾಪಸ್ ತಗೊಳ್ಳುವುದಿಲ್ಲ. ಫೋರ್ಕ್ ಕೇಳಿದರೆ ಕೊಡುತ್ತಾರೆ. ಆದರೆ ಎರಡು ಕೆಲಸ ಮಾತ್ರ ಮಾಡಬೇಡಿ. ಅನ್ನದ ಬಟ್ಟಲಲ್ಲಿ ಚಾಪ್‌ಸ್ಟಿಕ್ಸ್ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ. ಸತ್ತವರ ಮುಂದೆ ಇಡುವ ಅನ್ನಕ್ಕೆ ಹಾಗೆ ಚುಚ್ಚುತ್ತಾರೆ. ನಿಮ್ಮ ಚಾಪ್‌ಸ್ಟಿಕ್ಸಿನಿಂದ ಇನ್ನೊಬ್ಬರ ಚಾಪ್‌ಸ್ಟಿಕ್ಸಿಗೆ ನೇರವಾಗಿ ತಿನಿಸು ದಾಟಿಸಲೂಬೇಡಿ. ಅಲ್ಲಿ ಹೆಣ ಸುಟ್ಟಮೇಲೆ ಮನೆಯವರು ಮೂಳೆಗಳನ್ನು ಹಾಗೆ ಎತ್ತಿ ಕುಡಿಕೆಗೆ ಹಾಕುತ್ತಾರೆ. ತಿಥಿ ಊಟದ ಕ್ರಮವನ್ನು ಮದುವೆ ಪಂಕ್ತಿಯಲ್ಲಿ ಯಾರಾದರೂ ಮಾಡಿದರೆ ನಮಗೂ ಎದೆ ಧಸಕ್ ಅನ್ನುತ್ತದೆ ಅಲ್ವಾ?

ಉಳಿದದ್ದು ಸುಲಭ. ಒಳಗೆ ಹೋದ ತಕ್ಷಣ ಸಿಕ್ಕ ಕುರ್ಚಿಯಲ್ಲಿ ಕೂರಬೇಡಿ. ಬಾಗಿಲಿಗೆ ದೂರದ ಜಾಗ ದೊಡ್ಡವರಿಗೆ, ಅತಿಥಿಗೆ. ಬಾಗಿಲ ಹತ್ತಿರದ ಜಾಗ ಆತಿಥ್ಯ ಮಾಡುವವರಲ್ಲಿ ಚಿಕ್ಕವರಿಗೆ. ನೀವು ಅತಿಥಿ ಆದ್ದರಿಂದ ಅವರೇ ಒಳಗಿನ ಜಾಗ ತೋರಿಸುತ್ತಾರೆ. "ಅಯ್ಯೋ ಬೇಡ ಸರ್, ನೀವು ಕೂತ್ಕೊಳ್ಳಿ" ಅಂತ ಹತ್ತು ನಿಮಿಷ ಜಗ್ಗಾಡಬೇಡಿ. ಒಂದು ಸಲ ಸಂಕೋಚ ತೋರಿಸಿ, ಆಮೇಲೆ ಕೂತುಬಿಡಿ.

ಬಿಸಿ ಒದ್ದೆ ಟವೆಲ್ ಕೊಡುತ್ತಾರೆ. ಕೈ ಒರೆಸಲು ಮಾತ್ರ, ಮುಖ ಕತ್ತಿಗೆ ಅಲ್ಲ. ಗ್ಲಾಸ್ ಬಂದ ಕೂಡಲೇ ಗುಟುಕರಿಸಬೇಡಿ. ಎಲ್ಲರ ಗ್ಲಾಸೂ ತುಂಬಬೇಕು, ಒಬ್ಬರು ನಾಲ್ಕು ಮಾತಾಡುತ್ತಾರೆ, ಎಲ್ಲರೂ "ಕಂಪಾಯ್" ಅನ್ನುತ್ತಾರೆ, ಆಮೇಲೆ ಮೊದಲ ಗುಟುಕು. ದೊಡ್ಡವರ ಗ್ಲಾಸಿಗೆ ತಾಗಿಸುವಾಗ ನಿಮ್ಮ ಗ್ಲಾಸಿನ ಅಂಚು ಸ್ವಲ್ಪ ಕೆಳಗಿರಲಿ.

ತಮ್ಮ ಗ್ಲಾಸಿಗೆ ತಾವೇ ಸುರಿದುಕೊಳ್ಳುವ ಅಭ್ಯಾಸ ಅಲ್ಲಿಲ್ಲ. ಪಕ್ಕದವರ ಗ್ಲಾಸ್ ಖಾಲಿಯಾಗುತ್ತಿದ್ದರೆ ನೀವು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಹಾಕಿ. ನೀವು ಕುಡಿಯದಿದ್ದರೂ ಹಾಕಬಹುದು, ಅದನ್ನು ಅವರು ಖಂಡಿತ ಗಮನಿಸುತ್ತಾರೆ. ನಿಮಗೆ ಊಲಾಂಗ್ ಟೀ ಹೇಳಿ, ತಣ್ಣಗಿನ ಟೀ ಬರುತ್ತದೆ. ಇನ್ನು ಸಾಕು ಅನ್ನಿಸಿದರೆ ಗ್ಲಾಸ್ ತುಂಬಿಸಿಕೊಂಡು ಹಾಗೇ ಬಿಡಿ. ಖಾಲಿ ಮಾಡಿದರೆ ಮತ್ತೆ ಬರುತ್ತದೆ.

ಗೋಳಿಬಜೆ_ಪ್ರೇಮಿ

ಬೇಜಾರು ಮಾಡ್ಕೋಬೇಡಿ, ಆದರೆ ಈ ಗುಲಾಮಗಿರಿ ಯಾಕೆ ಸ್ವಾಮಿ? ನಾವು ಕೈಯಲ್ಲಿ ತಿನ್ನುವವರು. ಅವರು ಇಲ್ಲಿಗೆ ಬಂದಾಗ ಬಾಳೆಲೆ ಶಿಷ್ಟಾಚಾರ ಕಲಿತು ಬರ್ತಾರಾ? ನಮ್ಮ ಕೆಲಸ ಚೆನ್ನಾಗಿದ್ದರೆ ನಾವು ಹೇಗೆ ತಿಂದರೂ ದುಡ್ಡು ಕೊಡ್ತಾರೆ.

ಧಾರವಾಡದಾಕಿ

ಕೆಲವರು ಕಲ್ತ ಬರ್ತಾರ್ರೀ. ನಮ್ಮ ಆಫೀಸಿಗೆ ಬರುತ್ತಿದ್ದ ಒಬ್ಬ ಜಪಾನಿ ಎಂಜಿನಿಯರ್ ಎಡಗೈ ಮಡಿಲಲ್ಲಿ ಇಟ್ಟುಕೊಂಡು ಬಲಗೈಯಲ್ಲೇ ಜೋಳದ ರೊಟ್ಟಿ ಮುರಿಯುತ್ತಿದ್ದರು. ಒಂದೇ ಕೈಯಲ್ಲಿ ರೊಟ್ಟಿ ಮುರಿಯುವುದು ಎಷ್ಟು ಕಷ್ಟ ಅಂತ ನಮಗೆ ಗೊತ್ತಲ್ಲ! ಎಣ್ಣೆಗಾಯಿ ಹಚ್ಚಿಕೊಂಡು ಮೂಗು ಕೆಂಪಾದರೂ ಬಿಡಲಿಲ್ಲ. ನಮ್ಮ ಕ್ಯಾಂಟೀನಿನ ಅಜ್ಜಿ ಅವತ್ತಿನಿಂದ ಅವರಿಗೆ ಮೊಸರು ಎತ್ತಿಡುತ್ತಿದ್ದಳು. ಇದು ಗುಲಾಮಗಿರಿ ಹೇಗೆ?

ಎಂಜಲಿನ ವಿಷಯ ಯಾರೂ ಹೇಳಲಿಲ್ಲ. ಅಲ್ಲಿ ನಡುವೆ ಒಂದು ದೊಡ್ಡ ತಟ್ಟೆ ಇಟ್ಟು ಎಲ್ಲರೂ ಹಂಚಿಕೊಳ್ಳುತ್ತಾರೆ. ಬಾಯಿಗೆ ಹಾಕಿದ ಚಾಪ್‌ಸ್ಟಿಕ್ಸ್ ಅದರೊಳಗೆ ಹಾಕುವುದು ಅವರಿಗೂ ಸರಿ ಕಾಣುವುದಿಲ್ಲ. ಬಡಿಸಿಕೊಳ್ಳಲು ಬೇರೆ ಜೋಡಿ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಪಕ್ಕದವರು ಏನು ಮಾಡುತ್ತಾರೆ ನೋಡಿ ಮಾಡಿ. ಎಂಜಲು ಅಂದರೆ ಏನು ಅಂತ ನಮಗೆ ಯಾರೂ ಕ್ಲಾಸ್ ತಗೊಳ್ಳಬೇಕಾಗಿಲ್ಲ, ಅಷ್ಟು ಮಟ್ಟಿಗೆ ನಾವು ಕಲಿತೇ ಹೋಗಿರುತ್ತೇವೆ.

ಗೋಳಿಬಜೆ_ಪ್ರೇಮಿ

ರೊಟ್ಟಿ ಕಥೆ ಒಪ್ಪಿದೆ ಅಕ್ಕ. ಆದರೂ ಎಲ್ಲರೂ ಹಾಗೆ ಇರಲ್ಲ.

ಬಡಿಸೋ_ಮೇಷ್ಟ್ರು

ನಾನು ಹೋಟೆಲ್ ಮ್ಯಾನೇಜ್‌ಮೆಂಟ್ ಹುಡುಗರಿಗೆ ಸರ್ವಿಸ್ ಪಾಠ ಮಾಡುವವನು. ಬೆಂಗಳೂರಿನ ಊಟದ ಬಗ್ಗೆ ನಾನು ಹೇಳುತ್ತೇನೆ.

ಟೇಬಲ್ ಮೇಲೆ ಎಷ್ಟೇ ಸಾಮಾನು ಇದ್ದರೂ ಹೊರಗಿನಿಂದ ಒಳಗೆ ಬನ್ನಿ. ಮೊದಲ ಐಟಂಗೆ ತಟ್ಟೆಯಿಂದ ಎಲ್ಲಕ್ಕಿಂತ ದೂರ ಇರುವ ಫೋರ್ಕು ನೈಫು, ಮುಂದಿನದಕ್ಕೆ ಅದರ ಪಕ್ಕದ್ದು. ಫೋರ್ಕ್ ಎಡಗೈ, ನೈಫ್ ಬಲಗೈ. ಬ್ರೆಡ್ಡಿನ ಸಣ್ಣ ತಟ್ಟೆ ನಿಮ್ಮ ಎಡಕ್ಕಿರುವುದು, ನೀರಿನ ಗ್ಲಾಸ್ ಬಲಕ್ಕಿರುವುದು. ದುಂಡು ಟೇಬಲಿನಲ್ಲಿ ಒಬ್ಬರು ತಪ್ಪಿ ಪಕ್ಕದವರ ಬ್ರೆಡ್ ತಗೊಂಡರೆ ಸಾಲು ಪೂರ್ತಿ ಹಾಳು. ಬ್ರೆಡ್ಡನ್ನು ನೈಫಿನಿಂದ ಕೊಯ್ಯಬೇಡಿ, ಕೈಯಲ್ಲಿ ತುಂಡು ಮುರಿದು, ಆ ತುಂಡಿಗೆ ಮಾತ್ರ ಬೆಣ್ಣೆ ಹಚ್ಚಿ ತಿನ್ನಿ.

ನ್ಯಾಪ್ಕಿನ್ ಮಡಿಲ ಮೇಲೆ. ಮಧ್ಯೆ ಎದ್ದು ಹೋಗಬೇಕಾದರೆ ಕುರ್ಚಿ ಮೇಲೆ ಇಟ್ಟು ಹೋಗಿ. ಊಟದ ಮಧ್ಯೆ ಕೈ ಬಿಡಬೇಕಾದರೆ ಫೋರ್ಕು ನೈಫು ತಟ್ಟೆಯ ಮೇಲೆ ಬೇರೆ ಬೇರೆ, ಓರೆಯಾಗಿ ಇಡಿ. ಮುಗಿದಿದ್ದರೆ ಎರಡನ್ನೂ ಒಟ್ಟಿಗೆ ಸೇರಿಸಿ ಪಕ್ಕಪಕ್ಕ ಇಡಿ. ಇದು ಬಡಿಸುವ ಹುಡುಗನಿಗೆ ಸಿಗ್ನಲ್. ಇದು ಗೊತ್ತಿಲ್ಲದೆ "ಏನ್ ಸಾರ್, ಅರ್ಧ ತಿಂದಿದ್ದೆ, ತಟ್ಟೆ ಎತ್ಕೊಂಡು ಹೋದ" ಅಂತ ನಮ್ಮ ಹುಡುಗರ ಮೇಲೆ ರೇಗುವವರು ಬಹಳ.

ರೋಟಿ, ನಾನ್, ದೋಸೆ ಬಂದರೆ ಆರಾಮಾಗಿ ಕೈಯಲ್ಲಿ ತಿನ್ನಿ. ದೋಸೆಯನ್ನು ನೈಫಿನಿಂದ ಕೊಯ್ಯುವವರನ್ನು ನೋಡಿದರೆ ನನಗೇ ಹೊಟ್ಟೆ ಉರಿಯುತ್ತದೆ. ಅನ್ನ ಸಾರಿಗೆ ಸ್ಪೂನ್ ಕೇಳಿ, ಫೋರ್ಕಿನಲ್ಲಿ ಸಾರು ಹಿಡಿಯುವ ಸಾಹಸ ಬೇಡ.

ಪೀಣ್ಯ_ಟೂಲ್‌ರೂಮ್

ಮೇಷ್ಟ್ರೇ, ತುಂಬಾ ಉಪಕಾರ ಆಯ್ತು. ಎರಡು ಪ್ರಶ್ನೆ. ಜಪಾನಿನಲ್ಲಿ ವೆಜ್ ಅಂದರೆ ಅರ್ಥ ಆಗುತ್ತಾ? ಇನ್ನೊಂದು ವಿಸಿಟಿಂಗ್ ಕಾರ್ಡ್ ವಿಷಯ. ಪಾಸ್‌ಪೋರ್ಟಿನಲ್ಲಿ ನನ್ನ ಸರ್‌ನೇಮ್ ಜಾಗ ಖಾಲಿ. ಹೆಸರಿನ ಮುಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಕಾರ್ಡಿನಲ್ಲಿ ಏನು ಹಾಕಲಿ?

ಶಿರಸಿ_ಅಪ್ಪೆಮಿಡಿ

ವೆಜ್ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಯಜಮಾನರ ಕೆಲಸದ ಮೇಲೆ ಅಲ್ಲಿ ಅಡುಗೆ ಮನೆ ನಡೆಸಿದವಳು ನಾನು.

"ವೆಜಿಟೇರಿಯನ್" ಅಂದರೆ ಎಷ್ಟೋ ಕಡೆ ಕಣ್ಣಿಗೆ ಕಾಣುವ ಮಾಂಸದ ತುಂಡು ತೆಗೆದು ಕೊಡುತ್ತಾರೆ. ತೊಂದರೆ ಇರುವುದು ದಾಶಿಯಲ್ಲಿ. ಅದು ಅವರ ಅಡುಗೆಯ ಮೂಲ ಸಾರು, ಸಾಮಾನ್ಯವಾಗಿ ಒಣ ಬೊನಿಟೊ ಮೀನು ಮತ್ತು ಕೊಂಬು ಅನ್ನುವ ಕಡಲ ಪಾಚಿಯಿಂದ ಮಾಡುತ್ತಾರೆ. ಮಿಸೊ, ಅಂದರೆ ಹುದುಗಿಸಿದ ಸೋಯಾ ಪೇಸ್ಟಿನ ಸೂಪಿನಲ್ಲಿ ಅದಿದೆ. ನೂಡಲ್ಸ್ ಸೂಪಿನಲ್ಲಿ ಇದೆ. ತೆಂಪುರ, ಅಂದರೆ ಹಿಟ್ಟಿನಲ್ಲಿ ಅದ್ದಿ ಕರಿದ ನಮ್ಮ ಬಜ್ಜಿಯಂಥದ್ದು, ಅದನ್ನು ಅದ್ದಿ ತಿನ್ನುವ ಸಾಸಿನಲ್ಲಿ ಇದೆ. ತೆಂಪುರದ ಹಿಟ್ಟಿಗೆ ಮೊಟ್ಟೆ ಬೇರೆ ಹಾಕುತ್ತಾರೆ. ತಣ್ಣನೆ ತೋಫು ಕೂಡ ಮೇಲೆ ಮೀನಿನ ಹಾಳೆ ಉದುರಿಸಿಕೊಂಡು ಬರುತ್ತದೆ, ಬಿಸಿ ಪದಾರ್ಥದ ಮೇಲಾದರೆ ಆ ಹಾಳೆಗಳು ಗಾಳಿಗೆ ಕುಣಿಯುತ್ತವೆ. ಮೊದಲ ಸಲ ನೋಡಿದವರಿಗೆ ಗಾಬರಿ.

ನಗೋಯಾದ ಹೆಮ್ಮೆಯ ಊಟ ಅಂದರೆ ಹಂದಿ ಮಾಂಸದ ಮಿಸೊ ಕತ್ಸು, ಹಾವುಮೀನಿನ ಹಿತ್ಸುಮಬುಶಿ, ಕೋಳಿ ರೆಕ್ಕೆಯ ತೆಬಸಾಕಿ. ಅವರು ಪ್ರೀತಿಯಿಂದ ಕರೆದುಕೊಂಡು ಹೋಗುವುದು ಅಲ್ಲಿಗೇ. ಅದಕ್ಕೆ ಈಗಲೇ ಮೇಲ್ ಹಾಕಿ. ಇಂತಹ ಊಟಕ್ಕೆ ಸಾಮಾನ್ಯವಾಗಿ ಮೊದಲೇ ಕೋರ್ಸ್ ಬುಕ್ ಮಾಡಿರುತ್ತಾರೆ. ಟೇಬಲಿಗೆ ಬಂದು ಕೂತಮೇಲೆ ಹೇಳಿದರೆ ಅಡುಗೆಯವರಿಗೂ ಕಷ್ಟ, ಕರೆದವರ ಮುಖ ಸಣ್ಣದಾಗುತ್ತದೆ. ಬರೀ ವೆಜ್ ಅಂತ ಬರೆಯಬೇಡಿ. ಮಾಂಸ, ಕೋಳಿ, ಮೀನು, ಮೊಟ್ಟೆ, ಮೀನಿನ ದಾಶಿ, ಇಷ್ಟು ಬೇಡ, ಹಾಲು ಮೊಸರು ತೊಂದರೆ ಇಲ್ಲ ಅಂತ ಸಾಲಾಗಿ ಬರೆಯಿರಿ. ಜೊತೆಗೆ "ಇಂಡಿಯನ್ ರೆಸ್ಟೋರೆಂಟ್ ಆದರೂ ನನಗೆ ಸಂತೋಷ" ಅಂತ ಒಂದು ಸಾಲು ಸೇರಿಸಿ. ಅವರ ತಲೆಬಿಸಿ ಕಡಿಮೆ ಆಗುತ್ತದೆ.

ಅಷ್ಟು ಹೇಳಿಯೂ ತಿನ್ನಲು ಏನೂ ಸಿಗದಿದ್ದರೆ ಉಪ್ಪು ಹಾಕಿ ಬೇಯಿಸಿದ ಎದಮಾಮೆ, ಅಂದರೆ ಎಳೆ ಸೋಯಾ ಕಾಯಿ, ನಮ್ಮ ಅವರೆಕಾಯಿ ಬೇಯಿಸಿದ ಹಾಗೆ ಸುಲಿದು ತಿನ್ನುವುದು. ಬಿಳಿ ಅನ್ನ. ಸೌತೆಕಾಯಿ ಒಳಗಿಟ್ಟು ಸುತ್ತಿದ ಅನ್ನದ ಸುರುಳಿ, ಕಪ್ಪಾ ಮಾಕಿ. ರೂಮಿಗೆ ಹೋಗಿ ಚಟ್ನಿಪುಡಿ ಅವಲಕ್ಕಿ.

ಐಚಿ_ಕನ್ನಡಿಗ

ಅಕ್ಕ ಹೇಳಿದ್ದು ನೂರಕ್ಕೆ ನೂರು. ನಾನು ಒಂದೇ ಸೇರಿಸುತ್ತೇನೆ. ತಿನ್ನದ ಪದಾರ್ಥ ಎದುರಿಗೆ ಬಂದರೆ ಮುಖ ಸಿಂಡರಿಸಬೇಡಿ, "ಇದು ಪಾಪ" ಅನ್ನುವ ಭಾಷಣವೂ ಬೇಡ. ಪಕ್ಕದವರಿಗೆ ನಗುತ್ತಾ ದಾಟಿಸಿ. ತಟ್ಟೆ ದಾಟಿಸಿ, ಚಾಪ್‌ಸ್ಟಿಕ್ಸಿನಲ್ಲಿ ಅಲ್ಲ!

ಕಾರ್ಡ್ ವಿಷಯಕ್ಕೆ ಬರುತ್ತೇನೆ. ಅವರು ಒಂದು ಹೆಸರಿಗೆ "ಸಾನ್" ಸೇರಿಸಿ ಕರೆಯುತ್ತಾರೆ. ಯಾವ ಹೆಸರು ಅಂತ ನೀವೇ ತೀರ್ಮಾನಿಸಿ. ಇನಿಷಿಯಲ್ ಮೊದಲು ಬಂದರೆ ಅದೇ ಮನೆತನದ ಹೆಸರು ಅಂದುಕೊಂಡು ಒದ್ದಾಡುತ್ತಾರೆ. ಕಾರ್ಡಿನ ಹಿಂದಿನ ಪುಟದಲ್ಲಿ ಜಪಾನಿ ಭಾಷೆ ಹಾಕಿಸಿ, ನಿಮ್ಮನ್ನು ಕರೆಯಬೇಕಾದ ಹೆಸರೊಂದನ್ನೇ ಕತಕನ ಲಿಪಿಯಲ್ಲಿ ದೊಡ್ಡದಾಗಿ ಹಾಕಿಸಿ. ಇನಿಷಿಯಲ್ ಮುಂದಿನ ಪುಟದಲ್ಲಿ ಇರಲಿ. ನಿಮ್ಮ ಹೆಸರನ್ನು ನೀವೇ ಹೇಳುವಾಗ ಮಾತ್ರ ಸಾನ್ ಸೇರಿಸಬೇಡಿ, ಅದು ಬೇರೆಯವರಿಗೆ ಕೊಡುವ ಮರ್ಯಾದೆ.

ಕೊಡುವ ಕ್ರಮ: ಎದ್ದು ನಿಂತು, ಅಕ್ಷರ ಅವರ ಕಡೆ ತಿರುಗಿಸಿ, ಎರಡೂ ಕೈಯಲ್ಲಿ. ಕಂಪನಿ ಹೆಸರು, ನಿಮ್ಮ ಹೆಸರು ಹೇಳಿ. ಅವರದನ್ನೂ ಎರಡೂ ಕೈಯಲ್ಲಿ ತಗೊಂಡು ಒಂದು ಕ್ಷಣ ಓದಿ. ಇದನ್ನು ನಮ್ಮವರು ಬಿಟ್ಟುಬಿಡುತ್ತಾರೆ. ಇಸ್ಪೀಟ್ ಎಲೆ ಹಂಚಿದ ಹಾಗೆ ಟೇಬಲ್ ಮೇಲೆ ಜಾರಿಸುವುದು, ತಗೊಂಡದ್ದನ್ನು ಹಿಂದಿನ ಜೇಬಿಗೆ ಹಾಕಿ ಅದರ ಮೇಲೆ ಕೂರುವುದು, ಅವರ ಕಣ್ಣೆದುರೇ ಕಾರ್ಡಿನ ಮೇಲೆ ಫೋನ್ ನಂಬರ್ ಗೀಚುವುದು, ಮೂರೂ ಬೇಡ. ಮೀಟಿಂಗ್ ಮುಗಿಯುವ ತನಕ ಅವರು ಕೂತ ಸಾಲಿನಲ್ಲೇ ಕಾರ್ಡುಗಳನ್ನು ಎದುರಿಗೆ ಜೋಡಿಸಿ ಇಟ್ಟುಕೊಳ್ಳಿ. ಯಾರು ಯಾರು ಅಂತ ನೆನಪಿಡಲು ಅದೇ ಸುಲಭ ದಾರಿ. ನಿಮ್ಮಿಬ್ಬರಲ್ಲಿ ಹುದ್ದೆಯಲ್ಲಿ ದೊಡ್ಡವರು ಮೊದಲು ಕೊಡಲಿ. ಜೇಬಿನಲ್ಲಿ ಬಿಡಿಬಿಡಿಯಾಗಿ ಇಡದೆ ಕಾರ್ಡ್ ಕೇಸ್ ತಗೊಳ್ಳಿ.

ಕೋರಮಂಗಲ_ಕ್ಯೂಸಿ

ನಾನು ಕ್ವಾಲಿಟಿ ಎಂಜಿನಿಯರ್, ಹೆಂಗಸು. ಈ ಚರ್ಚೆ ಓದಿ ಒಂದು ಮಾತು ಕೇಳಲೇಬೇಕು ಅನ್ನಿಸಿತು. ಅಲ್ಲಿ ಊಟಕ್ಕೆ ಹೋದಾಗ ಎಲ್ಲರ ಗ್ಲಾಸಿಗೂ ನಾನೇ ಸುರಿಯಬೇಕು ಅನ್ನುವ ಹಾಗೆ ಎಲ್ಲರೂ ನನ್ನ ಕಡೆ ನೋಡಿದರೆ? ನಮ್ಮ ಟೀಮಿನ ಗಂಡಸರೇ "ಅದು ಅವರ ಕಲ್ಚರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೋ" ಅನ್ನುತ್ತಾರೆ.

ಐಚಿ_ಕನ್ನಡಿಗ

ಮೇಡಂ, ಆ ಹಳೆಯ ಅಭ್ಯಾಸ ಇನ್ನೂ ಕೆಲವು ಕಡೆ ಉಳಿದಿದೆ, ಇಲ್ಲ ಅನ್ನಲ್ಲ. ಆದರೆ ನೀವು ಹೊರಗಿನ ಕಂಪನಿಯ ಅತಿಥಿ. ಪಕ್ಕದ ಒಬ್ಬರಿಗೆ ಹಾಕುವುದು ಎಲ್ಲರೂ ಮಾಡುವ ಸೌಜನ್ಯ, ಗಂಡಸರೂ ಮಾಡುತ್ತಾರೆ. ಟೇಬಲ್ ಸುತ್ತಿ ಎಲ್ಲರಿಗೂ ಹಾಕಬೇಕಾಗಿಲ್ಲ.

ಧಾರವಾಡದಾಕಿ

ಅಡ್ಜಸ್ಟ್ ಮಾಡ್ಕೋ ಅಂದವರ ಕೈಗೆ ಬಾಟಲಿ ಕೊಡ್ರಿ. ನಮ್ಮ ಟೀಮಿನಲ್ಲಿ ಹಿರಿಯ ಮ್ಯಾನೇಜರ್ ತಾವೇ ಎದ್ದು ಮೊದಲು ಹಾಕಿಬಿಡುತ್ತಿದ್ದರು. ಆಮೇಲೆ ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಹೊರಡುವ ಮುಂಚೆಯೇ ನಿಮ್ಮ ಟೀಮಿನವರಲ್ಲಿ ಈ ಮಾತು ಆಗಿಬಿಡಲಿ. ಅಲ್ಲಿ ಹೋಗಿ ಕಣ್ಣಲ್ಲಿ ಸನ್ನೆ ಮಾಡುತ್ತಾ ಕೂರುವುದು ಬೇಡ. ಇನ್ನು ಕೈ ಕುಲುಕುವುದು: ಅವರು ಕೈ ಚಾಚಿದರೆ ಕೊಡಿ, ಇಲ್ಲದಿದ್ದರೆ ಸ್ವಲ್ಪ ಬಾಗಿದರೆ ಸಾಕು. ಬಾಗುವುದು, ಕೈ ಕೊಡುವುದು ಎರಡೂ ಒಟ್ಟಿಗೆ ಮಾಡಲು ಹೋಗಿ ತಲೆ ತಲೆ ಡಿಕ್ಕಿ ಹೊಡೆಸಿಕೊಳ್ಳಬೇಡಿ.

ಕೋರಮಂಗಲ_ಕ್ಯೂಸಿ

ಬಾಟಲಿ ಕೊಡುವ ಐಡಿಯಾ ನೋಟ್ ಮಾಡ್ಕೊಂಡೆ 😄

ಹಳೇ_ಮೆಷಿನ್‌ಶಾಪ್

ನಾನು ರಿಟೈರ್ ಆದವನು. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಶುರುವಾಗಿ ಬಿಡದಿಯಲ್ಲಿ ಫ್ಯಾಕ್ಟರಿ ಎದ್ದಮೇಲೆ ನಮ್ಮ ಕಡೆಯ ಎಷ್ಟೋ ಸಣ್ಣ ಯೂನಿಟ್‌ಗಳಿಗೆ ಜಪಾನಿಯರ ಜೊತೆ ಕೆಲಸ ಮಾಡುವ ರೂಢಿ ಬಂತು. ನೀವೆಲ್ಲ ಚಾಪ್‌ಸ್ಟಿಕ್ಸ್ ಬಗ್ಗೆ ಇಷ್ಟು ಬರೆದಿದ್ದೀರಿ. ನಾನು ನೋಡಿದ ಹಾಗೆ ಸಂಬಂಧ ಕೆಡುವುದು ಊಟದ ಟೇಬಲಿನಲ್ಲಿ ಅಲ್ಲ, ಅದಕ್ಕಿಂತ ಮುಂಚೆ, ಮೀಟಿಂಗಿನಲ್ಲಿ.

ನಮಗೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. "ಹದಿನೈದನೇ ತಾರೀಖಿಗೆ ಆಗುತ್ತಾ?" ಅಂದರೆ "ಆಯ್ತು ಸರ್, ಮಾಡೋಣ ಸರ್" ಅನ್ನುತ್ತೇವೆ. ಹೀಟ್ ಟ್ರೀಟ್‌ಮೆಂಟಿಗೆ ಕಳಿಸಿದ ಡೈ ಯಾವಾಗ ವಾಪಸ್ ಬರುತ್ತದೆ ಅಂತ ನಮಗೇ ಗೊತ್ತಿರುವುದಿಲ್ಲ. ನಮ್ಮ ಲೆಕ್ಕದಲ್ಲಿ ಅದು ಪ್ರಯತ್ನ ಮಾಡ್ತೀವಿ ಅಂತ. ಅವರು ಪುಸ್ತಕದಲ್ಲಿ ಬರೆದುಕೊಳ್ಳುವುದು ಮಾತ್ರ ತಾರೀಖು. ಅವರ ಕಡೆಯಿಂದಲೂ ಇಂಥದ್ದೇ ಇದೆ. ನೀವು ಮಾತಾಡುವಾಗ ಅವರು "ಹಾಯ್, ಹಾಯ್" (ಅವರ ಭಾಷೆಯಲ್ಲಿ ಹೌದು) ಅಂತ ತಲೆಯಾಡಿಸಿದರೆ ಕೇಳಿಸಿಕೊಳ್ಳುತ್ತಿದ್ದೇನೆ ಅಂತ ಅಷ್ಟೇ, ಒಪ್ಪಿದೆ ಅಂತ ಅಲ್ಲ. "ಯೋಚಿಸಿ ಹೇಳುತ್ತೇವೆ" ಅಂದರೆ ಬಹಳ ಸಲ ಬೇಡ ಅಂತಲೇ.

ಪ್ರಶ್ನೆ ಕೇಳಿದ ಮೇಲೆ ಅವರು ಸುಮ್ಮನಿದ್ದರೆ ನೀವೂ ಸುಮ್ಮನಿರಿ. ನಮ್ಮವರು ಆ ಮೌನ ತಡೆಯಲಾರದೆ ತಾವೇ ರೇಟ್ ಇಳಿಸಿಬಿಡುತ್ತಾರೆ. ಹತ್ತು ನಿಮಿಷ ಮುಂಚೆ ಗೇಟಿನಲ್ಲಿ ಇರಿ. ಸಿಲ್ಕ್ ಬೋರ್ಡ್ ಟ್ರಾಫಿಕ್ ಅನ್ನುವ ಕಾರಣ ಅಲ್ಲಿ ನಡೆಯಲ್ಲ, ಅಲ್ಲಿ ರೈಲಿದೆ.

ಪೀಣ್ಯ_ಟೂಲ್‌ರೂಮ್

ಹೀಟ್ ಟ್ರೀಟ್‌ಮೆಂಟ್ ಮಾತು ನಮ್ಮ ಮನೆ ಕಥೆಯೇ ಸರ್. ಮೀಟಿಂಗಿಗೆ ತಾರೀಖಿನ ಶೀಟ್ ಮಾಡಿಕೊಂಡು ಹೋಗುತ್ತೇನೆ. ಉಡುಗೊರೆ ಏನು ಒಯ್ಯಲಿ? ಪಾರ್ಟ್ನರ್ ಬೆಳ್ಳಿ ಗಣಪತಿ ಅನ್ನುತ್ತಿದ್ದಾನೆ.

ಶಿರಸಿ_ಅಪ್ಪೆಮಿಡಿ

ಬೆಳ್ಳಿ ಬೇಡ, ಅಷ್ಟು ಬೆಲೆಯದು ಕೊಟ್ಟರೆ ಅವರಿಗೆ ವಾಪಸ್ ಕೊಡುವ ಭಾರ. ಆಫೀಸಿನ ಎಲ್ಲರೂ ಹಂಚಿಕೊಳ್ಳುವ, ಒಂದೊಂದಾಗಿ ಸುತ್ತಿದ ಸಿಹಿಯ ಡಬ್ಬಿ ಒಳ್ಳೆಯದು. ತುಪ್ಪ ಸುರಿಯುವ ಮೈಸೂರು ಪಾಕ್ ದೂರ ಪ್ರಯಾಣಕ್ಕೆ ಬೇಡ, ಗಟ್ಟಿಯದು ನೋಡಿ. ದೊಡ್ಡವರಿಗೆ ಮೈಸೂರ್ ಸ್ಯಾಂಡಲ್ ಸೋಪಿನ ಬಾಕ್ಸ್. ನಾಲ್ಕರ ಲೆಕ್ಕದಲ್ಲಿ ಏನೂ ಕೊಡಬೇಡಿ, ಆ ಸಂಖ್ಯೆಯ ಉಚ್ಚಾರ ಸಾವಿಗೆ ಹೊಂದುತ್ತದೆ. ಚೆನ್ನಾಗಿ ಪ್ಯಾಕ್ ಮಾಡಿ ಎರಡೂ ಕೈಯಲ್ಲಿ ಕೊಡಿ. ಅವರು ನಿಮ್ಮೆದುರು ಬಿಚ್ಚಿ ನೋಡದಿದ್ದರೆ ಇಷ್ಟವಾಗಲಿಲ್ಲ ಅಂತ ತಿಳಿಯಬೇಡಿ.

ಹಳೇ_ಮೆಷಿನ್‌ಶಾಪ್

ಬಿಡದಿ ದಾಟಿ ಮುಂದೆ ಹೋದರೆ ಚನ್ನಪಟ್ಟಣ. ಅಲ್ಲಿನ ಅರಗು ಬಣ್ಣದ ಗೊಂಬೆ ಒಯ್ಯಿರಿ. ಬಾವಾಸ್ ಮಿಯಾ ಅನ್ನುವವರು ಜಪಾನಿನ ಗೊಂಬೆ ಕೆಲಸದ ರೀತಿಯನ್ನು ಕಲಿತು ಚನ್ನಪಟ್ಟಣದ ಕೆಲಸಗಾರರಿಗೆ ಹೇಳಿಕೊಟ್ಟರು ಅಂತ ಅಲ್ಲಿ ಹೇಳುತ್ತಾರೆ. ಲೇತಿನಲ್ಲಿ ಕಡೆದ ಸಾಮಾನು, ಟೂಲ್‌ರೂಮಿನವನು ಕೊಡುವುದಕ್ಕೆ ಅದಕ್ಕಿಂತ ಚೆಂದದ್ದು ಏನಿದೆ? ಮಾತು ಶುರು ಮಾಡಲೂ ಒಂದು ವಿಷಯ ಸಿಗುತ್ತದೆ.

ಗೋಳಿಬಜೆ_ಪ್ರೇಮಿ

ಇದು ಸಖತ್. ಸರಿ, ನನ್ನದೂ ಒಂದು ಪ್ರಶ್ನೆ. ಬಿಲ್ ಬಂದಾಗ? ನಮ್ಮಲ್ಲಿ ಕೌಂಟರ್ ಹತ್ತಿರ ಕುಸ್ತಿ ನಡೆಯುತ್ತೆ.

ಐಚಿ_ಕನ್ನಡಿಗ

ಕರೆದವರು ಕೊಡುತ್ತಾರೆ. ಕುಸ್ತಿ ಬೇಡ. ಟಿಪ್ಸ್ ಇಡುವ ಪದ್ಧತಿ ಅಲ್ಲಿಲ್ಲ. ಟೇಬಲ್ ಮೇಲೆ ದುಡ್ಡು ಬಿಟ್ಟು ಬಂದರೆ ಮರೆತು ಹೋದಿರಿ ಅಂತ ಬೀದಿ ತನಕ ಓಡಿ ಬಂದು ವಾಪಸ್ ಕೊಡುತ್ತಾರೆ. ಹೊರಡುವಾಗ "ಗೊಚಿಸೋಸಾಮ ದೆಶಿತ" ಅನ್ನಿ, ಊಟ ಚೆನ್ನಾಗಿತ್ತು ಅಂತ ಕೃತಜ್ಞತೆ ಹೇಳಿದ ಹಾಗೆ. ಮಾರನೆಯ ದಿನ ಸಿಕ್ಕಿದಾಗ ಮೊದಲ ಮಾತಾಗಿ ನಿನ್ನೆಯ ಊಟಕ್ಕೆ ಮತ್ತೆ ಥ್ಯಾಂಕ್ಸ್ ಹೇಳಿ. ಇದನ್ನು ಮರೆಯಬೇಡಿ, ಮೇಲಿನ ಅರ್ಧ ರೂಲ್ಸಿಗಿಂತ ಇದು ಮುಖ್ಯ.

ಚಾಪೆ ಹಾಸಿದ ರೂಮಾದರೆ ಶೂ ಹೊರಗೆ ಬಿಡಬೇಕು, ತೂತಿಲ್ಲದ ಸಾಕ್ಸ್ ಹಾಕಿಕೊಂಡು ಹೋಗಿ. ಚಕ್ಕಳ ಮಕ್ಕಳ ಹಾಕಿ ಕೂರುವುದು ನಮಗೆ ಕಷ್ಟವೇ ಅಲ್ಲ. ಟಾಯ್ಲೆಟ್ಟಿಗೆ ಬೇರೆ ಚಪ್ಪಲಿ ಇಟ್ಟಿರುತ್ತಾರೆ, ಅದನ್ನೇ ಹಾಕಿಕೊಂಡು ಊಟದ ಚಾಪೆ ಮೇಲೆ ಬರಬೇಡಿ.

ಪೀಣ್ಯ_ಟೂಲ್‌ರೂಮ್

ಮೇಲ್ ಈಗಷ್ಟೇ ಕಳಿಸಿದೆ, ದಾಶಿ ಸಮೇತ ಸಾಲಾಗಿ ಬರೆದು. ಚಾಪ್‌ಸ್ಟಿಕ್ಸ್ ತರಿಸಿ ಕಡಲೆಬೀಜ ಎತ್ತುವ ಪ್ರಾಕ್ಟೀಸ್ ಶುರು ಮಾಡಿದ್ದೇನೆ, ಮಗಳು ನನಗಿಂತ ಬೇಗ ಕಲಿತಳು. ಕಾರ್ಡಿಗೆ ಕತಕನ ಬರೆದುಕೊಡುವವರು ಯಾರಾದರೂ ಇದ್ದೀರಾ?

ಐಚಿ_ಕನ್ನಡಿಗ

ಹೆಸರು ಪರ್ಸನಲ್ ಮೆಸೇಜಿಗೆ ಕಳಿಸಿ ಸರ್, ಬರೆದುಕೊಡುತ್ತೇನೆ. ಕನ್ನಡದಲ್ಲೇ ಕಳಿಸಿ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಬರೆದರೆ ದೀರ್ಘ, ಹ್ರಸ್ವ ಎಲ್ಲಾ ಹೋಗಿಬಿಡುತ್ತದೆ. ಪ್ರಿಂಟಿಗೆ ಕೊಡುವ ಮುಂಚೆ ಪ್ರೂಫಿನ ಫೋಟೋ ಕಳಿಸಿ. ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅಕ್ಷರದ ಬದಲು ಬರೀ ಡಬ್ಬಿ ಡಬ್ಬಿ ಬರುತ್ತದೆ.